ಮಾತಿನ ತೊಂದರೆಯುಳ್ಳ ಚಿಕ್ಕ ಮಕ್ಕಳಲ್ಲಿ ರಾತ್ರಿ ಎಚ್ಚರಗೊಳ್ಳುವಿಕೆ ಹಾಗೂ ಸೆಳವಿನ ಸಾಧ್ಯತೆ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಒಂದರಿಂದ ಮೂರು ವರ್ಷ ವಯಸ್ಸಿನ ಮಕ್ಕಳು ರಾತ್ರಿ ವೇಳೆಯಲ್ಲಿ ಎಚ್ಚರಗೊಂಡು ಅಳುವುದು ಸರ್ವೇಸಾಮಾನ್ಯ ಸಂಗತಿಯಾಗಿದೆ. ಮಾತು ಬಂದಿರುವ ಮಗುವು ಹೊಟ್ಟೆ ನೋಯುತ್ತಿದೆ, ಬಾಯಾರಿಕೆಯಾಗಿದೆ ಅಥವಾ ಹೆದರಿಕೆಯಾಯಿತು ಎಂಬುದನ್ನು ತನ್ನದೇ ರೀತಿಯಲ್ಲಿ ತಿಳಿಸಬಲ್ಲದು. ಮಾತು ಬಾರದ ಅಥವಾ ಬಂದ ಮಾತನ್ನು ಕಳೆದುಕೊಂಡಿರುವ ಮಗುವಿಗೆ ಇದು ಸಾಧ್ಯವಾಗುವುದಿಲ್ಲ. ರಾತ್ರಿ ಏನಾಯಿತೆಂದು ಬೆಳಿಗ್ಗೆ ಕೇಳಿದರೂ ಉತ್ತರ ದೊರೆಯುವುದಿಲ್ಲ. ಇಂತಹ ಮಗುವಿನ ವಿಷಯದಲ್ಲಿ ಪಕ್ಕದಲ್ಲಿ ಮಲಗಿದ್ದ ತಾಯಿ, ತಂದೆ ಅಥವಾ ಅಜ್ಜಿ ಕಣ್ಣಾರೆ ಕಂಡದ್ದೇ ವೈದ್ಯರಿಗೆ ದೊರೆಯುವ ಪ್ರಮುಖ ಮಾಹಿತಿಯಾಗಿರುತ್ತದೆ.

ರಾತ್ರಿ ಎಚ್ಚರಗೊಳ್ಳುವ ಬಹುಪಾಲು ಮಕ್ಕಳಿಗೆ ಸೆಳವಿನ ಕಾಯಿಲೆ ಇರುವುದಿಲ್ಲ. ಅದೇ ರೀತಿ ಮಾತು ತಡವಾಗಿರುವ ಬಹುಪಾಲು ಮಕ್ಕಳಿಗೂ ಈ ಕಾಯಿಲೆ ಇರುವುದಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಫಿಟ್ಸ್ ಅಥವಾ ಮೂರ್ಛೆ ಎಂದು ಕರೆಯಲಾಗುವ ಸೆಳವು ನಿದ್ರೆಯಲ್ಲಿ ಮಾತ್ರ ಕಾಣಿಸಿಕೊಂಡು, ಬಹುಕಾಲ ಗಮನಕ್ಕೆ ಬಾರದೆ ಉಳಿಯುವುದುಂಟು. ಪೋಷಕರು ಅನಾವಶ್ಯಕ ಭಯಕ್ಕೆ ಒಳಗಾಗದೆ, ಹಾಗೆಂದು ನಿರ್ಲಕ್ಷ್ಯವನ್ನೂ ಮಾಡದೆ, ಯಾವಾಗ ಹಾಗೂ ಎಲ್ಲಿ ಮಗುವನ್ನು ತೋರಿಸಬೇಕು ಎಂಬುದನ್ನು ತಿಳಿಸುವ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

2. ಮಾತಿನ ಬೆಳವಣಿಗೆ: ಗಮನಿಸಬೇಕಾದ ಅಂಶಗಳು

ಮಕ್ಕಳ ಮಾತಿನ ಬೆಳವಣಿಗೆಯು ಒಬ್ಬರಿಂದ ಒಬ್ಬರಿಗೆ ಭಿನ್ನವಾಗಿರುತ್ತದೆ. ಆದಾಗ್ಯೂ ಸಾಮಾನ್ಯವಾಗಿ ಈ ಕೆಳಕಂಡ ಹಂತಗಳನ್ನು ನಿರೀಕ್ಷಿಸಲಾಗುತ್ತದೆ.

ಅ) 9 ತಿಂಗಳ ವೇಳೆಗೆ ಹೆಸರು ಹಿಡಿದು ಕರೆದಾಗ ತಿರುಗಿ ನೋಡುವುದು, "ಬಬ", "ಮಮ" ಎಂಬಂತಹ ಶಬ್ದಗಳನ್ನು ಹೊರಡಿಸುವುದು.
ಆ) 12 ರಿಂದ 15 ತಿಂಗಳ ವೇಳೆಗೆ ಅಮ್ಮ, ಅಪ್ಪ ಮುಂತಾದ ಒಂದೆರಡು ಪದಗಳನ್ನು ಅರ್ಥವರಿತು ಬಳಸುವುದು, ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸುವುದು.
ಇ) 2 ವರ್ಷದ ವೇಳೆಗೆ "ಅಮ್ಮ ಬಾ", "ಹಾಲು ಬೇಡ" ಎಂದು ಎರಡು ಪದಗಳನ್ನು ಜೋಡಿಸಿ ಹೇಳುವುದು.
ಈ) 3 ವರ್ಷದ ವೇಳೆಗೆ ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು ಹಾಗೂ ಆ ಮಾತು ಮನೆಯವರಲ್ಲದವರಿಗೂ ಬಹುಮಟ್ಟಿಗೆ ಅರ್ಥವಾಗುವುದು.

ಮೇಲ್ಕಂಡ ಹಂತಗಳು ತಡವಾದಲ್ಲಿ ಪ್ರಥಮವಾಗಿ ಶ್ರವಣ ಪರೀಕ್ಷೆ ಮಾಡಿಸುವುದು ಅವಶ್ಯಕ. ಕಿವಿ ಕೇಳಿಸದ ಮಗುವಿಗೆ ಮಾತು ಬರುವುದಿಲ್ಲ. ಶ್ರವಣದೋಷದ ಜೊತೆಗೆ ಆಟಿಸಂ, ಬೌದ್ಧಿಕ ಬೆಳವಣಿಗೆಯಲ್ಲಿ ವಿಳಂಬ, ಹೆರಿಗೆ ಸಮಯದಲ್ಲಿ ಮೆದುಳಿಗೆ ಉಂಟಾದ ತೊಂದರೆ ಹಾಗೂ ಬಾಯಿಯ ರಚನೆಯ ದೋಷಗಳು ಮಾತಿನ ತೊಂದರೆಗೆ ಕಾರಣವಾಗಬಹುದು. ಕೆಲವು ಮಕ್ಕಳಲ್ಲಿ ಯಾವುದೇ ಕಾರಣ ಕಂಡುಬರುವುದಿಲ್ಲ.

"ಇವರಪ್ಪನಿಗೂ ಮಾತು ತಡವಾಗಿಯೇ ಬಂತು" ಎಂದು ಹಿರಿಯರು ಸಮಾಧಾನ ಹೇಳುವುದು ಹಾಗೂ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಾ ಕಾಯುವುದು ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ. ಹೀಗೆ ಕಾಯುವುದರಿಂದ ಮಗುವಿನ ಅಮೂಲ್ಯವಾದ ಮೊದಲ ಮೂರು ವರ್ಷಗಳು ಕಳೆದುಹೋಗುವ ಸಂಭವವಿರುತ್ತದೆ.

ವಿಶೇಷ ಗಮನಕ್ಕೆ: ತಡವಾಗಿ ಮಾತು ಬರುವುದು ಬೇರೆ, ಬಂದ ಮಾತು ಹೋಗುವುದು ಬೇರೆ. ಯಾವುದೇ ವಯಸ್ಸಿನಲ್ಲಿ ಮಗುವು ಮೊದಲು ಆಡುತ್ತಿದ್ದ ಪದಗಳನ್ನು ಬಿಟ್ಟುಬಿಟ್ಟರೆ, ಮುಂದಿನ ಲಸಿಕೆ ದಿನದವರೆಗೆ ಕಾಯದೆ ಮಕ್ಕಳ ತಜ್ಞರಿಗೆ ತೋರಿಸತಕ್ಕದ್ದು.

3. ರಾತ್ರಿ ಎಚ್ಚರಗೊಳ್ಳುವುದಕ್ಕೆ ಸಾಮಾನ್ಯ ಕಾರಣಗಳು

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 1 ರಿಂದ 2 ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 11 ರಿಂದ 14 ಗಂಟೆ, 3 ರಿಂದ 4 ವರ್ಷದ ಮಗುವಿಗೆ 10 ರಿಂದ 13 ಗಂಟೆ ನಿದ್ರೆ ಬೇಕಾಗುತ್ತದೆ. ಈ ಅವಧಿಯಲ್ಲಿ ಮಗುವು ಅನೇಕ ಸಲ ಹಗುರ ನಿದ್ರೆಗೆ ಬಂದು ಪುನಃ ಗಾಢ ನಿದ್ರೆಗೆ ಹೋಗುತ್ತದೆ. ಈ ನಡುವೆ ಪೂರ್ಣ ಎಚ್ಚರವಾಗುವುದಕ್ಕೆ ಈ ಕೆಳಕಂಡ ಕಾರಣಗಳಿರಬಹುದು.

ಅ) ಹಸಿವು, ಬಾಯಾರಿಕೆ, ಒದ್ದೆ ಬಟ್ಟೆ, ಸೆಕೆ, ಸೊಳ್ಳೆ ಕಡಿತ, ಹಲ್ಲು ಬರುವ ಸಮಯದ ನೋವು.
ಆ) ಕಿವಿಯ ಸೋಂಕು. ಮಲಗಿದಾಗ ಕಿವಿನೋವು ಹೆಚ್ಚಾಗುವುದುಂಟು. ಪದೇ ಪದೇ ಕಿವಿ ಸೋರುವುದರಿಂದ ಶ್ರವಣ ಶಕ್ತಿ ಕುಗ್ಗಿ ಮಾತಿನ ಮೇಲೂ ಪರಿಣಾಮವಾಗುತ್ತದೆ.
ಇ) ಜಂತುಹುಳು. ರಾತ್ರಿ ವೇಳೆ ಗುದದ್ವಾರದಲ್ಲಿ ತುರಿಕೆ ಉಂಟಾಗಿ ಮಗು ಚಡಪಡಿಸುತ್ತದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ಕಾರ್ಯಕ್ರಮದಡಿ 1 ರಿಂದ 19 ವರ್ಷದವರಿಗೆ ಅಂಗನವಾಡಿ ಹಾಗೂ ಶಾಲೆಗಳಲ್ಲಿ ಉಚಿತ ಮಾತ್ರೆ ನೀಡಲಾಗುತ್ತದೆ.
ಈ) ಕಬ್ಬಿಣಾಂಶದ ಕೊರತೆ. ರಕ್ತಹೀನತೆಯುಳ್ಳ ಮಕ್ಕಳಲ್ಲಿ ಕಾಲು ಆಡಿಸುತ್ತಾ ಹೊರಳಾಡುವ ಚಡಪಡಿಕೆಯ ನಿದ್ರೆ ಕಂಡುಬರುತ್ತದೆ.
ಉ) ಗೊರಕೆ ಹಾಗೂ ಉಸಿರಾಟದ ತಡೆ. ಗಂಟಲಿನ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದ ಅಡಿನಾಯ್ಡ್ ಊದಿಕೊಂಡ ಮಕ್ಕಳು ಬಾಯಿ ತೆರೆದು ಮಲಗಿ, ಉಸಿರು ತಡೆದಂತಾಗಿ ಬೆಚ್ಚಿ ಏಳುತ್ತಾರೆ.
ಊ) ಮಲಗುವ ಮುನ್ನ ಮೊಬೈಲ್ ಹಾಗೂ ಟಿ.ವಿ. ವೀಕ್ಷಣೆ. ಮೇಲ್ಕಂಡ ಮಾರ್ಗಸೂಚಿಯು 1 ವರ್ಷದ ಮಕ್ಕಳಿಗೆ ಪರದೆ ವೀಕ್ಷಣೆಯೇ ಬೇಡವೆಂದೂ, 2 ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ತಿಳಿಸುತ್ತದೆ.
ಋ) ಆಟಿಸಂ ಇರುವ ಮಕ್ಕಳಲ್ಲಿ ನಿದ್ರೆಗೆ ಜಾರಲು ತಡವಾಗುವುದು ಹಾಗೂ ನಡುರಾತ್ರಿ ಎದ್ದು ಗಂಟೆಗಟ್ಟಲೆ ಎಚ್ಚರವಾಗಿರುವುದು ಹೆಚ್ಚಾಗಿ ಕಂಡುಬರುತ್ತದೆ.

ನಿದ್ರೆಗೆ ಜಾರುವಾಗ ಕೈಕಾಲು ಒಮ್ಮೆ ಬೆಚ್ಚುವುದು, ನಿದ್ರೆಯಲ್ಲಿ ನಗುವುದು, ಹಲ್ಲು ಕಡಿಯುವುದು, ಮಲಗುವ ಮುನ್ನ ತಲೆಯನ್ನು ಲಯಬದ್ಧವಾಗಿ ಆಡಿಸುವುದು ಅಥವಾ ದಿಂಬಿಗೆ ಬಡಿಯುವುದು ಸಾಮಾನ್ಯವಾಗಿ ಸೆಳವಿನ ಲಕ್ಷಣಗಳಲ್ಲ.

4. ನಿದ್ರಾಭೀತಿ, ಕೆಟ್ಟ ಕನಸು ಹಾಗೂ ಸೆಳವು: ವ್ಯತ್ಯಾಸಗಳು

ನಿದ್ರಾಭೀತಿ: ಮಲಗಿದ ಮೊದಲ ಎರಡು ಮೂರು ಗಂಟೆಗಳೊಳಗೆ, ಗಾಢ ನಿದ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಒಮ್ಮೆಲೇ ಚೀರಿ ಎದ್ದು ಕೂರುತ್ತದೆ. ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸುವುದಿಲ್ಲ. ಬೆವರುತ್ತದೆ, ಎದೆಬಡಿತ ಹೆಚ್ಚಾಗಿರುತ್ತದೆ, ಎತ್ತಿಕೊಂಡರೆ ಇನ್ನಷ್ಟು ಕೊಸರಾಡುತ್ತದೆ. ಕೆಲವು ನಿಮಿಷಗಳ ನಂತರ ತಾನಾಗಿಯೇ ಮಲಗುತ್ತದೆ. ಬೆಳಿಗ್ಗೆ ಅದರ ನೆನಪಿರುವುದಿಲ್ಲ. ಸಾಮಾನ್ಯವಾಗಿ ಒಂದು ರಾತ್ರಿಯಲ್ಲಿ ಒಂದು ಸಲ ಮಾತ್ರ ಆಗುತ್ತದೆ. ನಿದ್ರೆ ಸಾಲದೆ ಇರುವಾಗ ಹಾಗೂ ಜ್ವರವಿರುವಾಗ ಹೆಚ್ಚಾಗುವುದುಂಟು.

ಕೆಟ್ಟ ಕನಸು: ರಾತ್ರಿಯ ಉತ್ತರಾರ್ಧದಲ್ಲಿ, ಬೆಳಗಿನ ಜಾವದ ಕಡೆಗೆ ಹೆಚ್ಚು. ಮಗು ಪೂರ್ಣ ಎಚ್ಚರಗೊಂಡು ಅಳುತ್ತದೆ, ತಾಯಿಯನ್ನು ಗುರುತಿಸಿ ಅಪ್ಪಿಕೊಳ್ಳುತ್ತದೆ ಹಾಗೂ ಸಮಾಧಾನಪಡಿಸಿದರೆ ಸುಮ್ಮನಾಗುತ್ತದೆ.

ಸೆಳವು: ರಾತ್ರಿಯ ಯಾವುದೇ ಸಮಯದಲ್ಲಿ, ವಿಶೇಷವಾಗಿ ನಿದ್ರೆಗೆ ಜಾರಿದ ಕೂಡಲೇ ಅಥವಾ ಬೆಳಗಿನ ಜಾವದಲ್ಲಿ ಬರಬಹುದು. ಇದರ ಮುಖ್ಯ ಗುರುತೆಂದರೆ ಪ್ರತಿ ಸಲವೂ ಒಂದೇ ರೀತಿಯಾಗಿರುವುದು. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಎರಡು ಮೂರು ನಿಮಿಷಗಳವರೆಗೆ ಇರುತ್ತದೆ ಹಾಗೂ ಒಂದೇ ರಾತ್ರಿಯಲ್ಲಿ ಹಲವು ಸಲ ಬರಬಹುದು. ಈ ಕೆಳಕಂಡ ಲಕ್ಷಣಗಳಲ್ಲಿ ಒಂದು ಅಥವಾ ಹೆಚ್ಚು ಇರಬಹುದು:

1) ಕೈಕಾಲು ಅಥವಾ ಇಡೀ ಶರೀರ ಬಿಗಿಯಾಗುವುದು, ನಂತರ ಲಯಬದ್ಧವಾಗಿ ಜಗ್ಗುವುದು.
2) ಮುಖದ ಒಂದು ಪಾರ್ಶ್ವ ಅಥವಾ ಒಂದು ಕೈ ಮಾತ್ರ ಅದುರುವುದು.
3) ಕಣ್ಣುಗುಡ್ಡೆ ಒಂದೇ ಕಡೆಗೆ ಅಥವಾ ಮೇಲಕ್ಕೆ ನೆಟ್ಟಿರುವುದು.
4) ಬಾಯಿಯಿಂದ ಜೊಲ್ಲು ಸುರಿಯುವುದು, ಗಂಟಲಿನಿಂದ ಗೊರಗೊರ ಶಬ್ದ ಬರುವುದು, ಬಾಯಿ ಚಪ್ಪರಿಸುವುದು.
5) ತುಟಿ ನೀಲಿಯಾಗುವುದು, ಉಸಿರು ತಡೆದಂತಾಗುವುದು.
6) ನಾಲಗೆ ಕಚ್ಚಿಕೊಳ್ಳುವುದು, ದಿಂಬಿನ ಮೇಲೆ ರಕ್ತದ ಕಲೆ ಇರುವುದು.
7) ನಂತರ ಮಂಪರು, ವಾಂತಿ ಅಥವಾ ಒಂದು ಪಾರ್ಶ್ವದ ಕೈಕಾಲಿನಲ್ಲಿ ಸ್ವಲ್ಪ ಹೊತ್ತು ಬಲಹೀನತೆ.

ನಡುಗುವ ಕೈಯನ್ನು ಮೃದುವಾಗಿ ಹಿಡಿದಾಗ ನಡುಕ ನಿಂತರೆ ಅದು ಸೆಳವಾಗಿರುವ ಸಂಭವ ಕಡಿಮೆ. ಹಿಡಿದರೂ ಜಗ್ಗುವುದು ಕೈಗೆ ತಿಳಿಯುತ್ತಿದ್ದರೆ ಸೆಳವಿನ ಸಂಭವ ಹೆಚ್ಚು. ಆದರೆ ಮೆದುಳಿನ ಮುಂಭಾಗದಿಂದ ಹೊರಡುವ ಕೆಲವು ಸೆಳವುಗಳಲ್ಲಿ ಮಗು ಚೀರುವುದು, ಕಾಲು ಒದೆಯುವುದು ಇದ್ದು, ನೋಡಲು ನಿದ್ರಾಭೀತಿಯಂತೆಯೇ ತೋರುತ್ತದೆ. ಆದುದರಿಂದ ಅಂತಿಮ ನಿರ್ಧಾರವನ್ನು ವೈದ್ಯರಿಗೇ ಬಿಡತಕ್ಕದ್ದು.

5. ಮಾತಿಗೂ ಸೆಳವಿಗೂ ಇರುವ ಸಂಬಂಧ

ಮಾತಿನ ತೊಂದರೆ ಹಾಗೂ ಸೆಳವು ಎರಡೂ ಮೆದುಳಿನ ಒಂದೇ ಮೂಲ ಕಾರಣದಿಂದ ಉಂಟಾಗಬಹುದು. ಹೆರಿಗೆ ಸಮಯದಲ್ಲಿ ಮಗು ತಡವಾಗಿ ಅತ್ತಿರುವುದು, ನವಜಾತ ಅವಧಿಯಲ್ಲಿ ರಕ್ತದಲ್ಲಿ ಸಕ್ಕರೆ ಅಂಶ ಕಡಿಮೆಯಾಗಿರುವುದು, ಮೆದುಳು ಜ್ವರ, ಕೆಲವು ಅನುವಂಶಿಕ ಕಾರಣಗಳು ಇದಕ್ಕೆ ಉದಾಹರಣೆಗಳಾಗಿವೆ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರದ ಸಂಭವವು ಇತರ ಮಕ್ಕಳಿಗಿಂತ ಹೆಚ್ಚು.

ಅಪರೂಪವಾಗಿ ಸೆಳವಿನ ಕಾಯಿಲೆಯೇ ಮಾತು ಹೋಗುವುದಕ್ಕೆ ಕಾರಣವಾಗುತ್ತದೆ. 1957ರಲ್ಲಿ ಅಮೆರಿಕದ ವಿಲಿಯಂ ಲ್ಯಾಂಡೌ ಹಾಗೂ ಫ್ರಾಂಕ್ ಕ್ಲೆಫ್ನರ್ ಎಂಬುವರು ಪ್ರಥಮವಾಗಿ ವಿವರಿಸಿದ ಲ್ಯಾಂಡೌ-ಕ್ಲೆಫ್ನರ್ ಎಂಬ ಕಾಯಿಲೆಯು ಇಂತಹುದಾಗಿದೆ. ಇದು ಸಾಮಾನ್ಯವಾಗಿ 3 ವರ್ಷದ ನಂತರ ಆರಂಭವಾಗುತ್ತದೆ. ಚೆನ್ನಾಗಿ ಮಾತನಾಡುತ್ತಿದ್ದ ಮಗು ಕ್ರಮೇಣ ಇತರರ ಮಾತನ್ನು ಅರ್ಥಮಾಡಿಕೊಳ್ಳದಂತಾಗಿ, ಕಿವಿ ಕೇಳಿಸದಂತೆ ವರ್ತಿಸಿ, ಕೊನೆಗೆ ಮಾತನ್ನೇ ನಿಲ್ಲಿಸುತ್ತದೆ. ಆದರೆ ಶ್ರವಣ ಪರೀಕ್ಷೆಯಲ್ಲಿ ದೋಷ ಕಂಡುಬರುವುದಿಲ್ಲ. ನಿದ್ರೆಯಲ್ಲಿ ಮೆದುಳಿನ ವಿದ್ಯುತ್ ಚಟುವಟಿಕೆ ಏರುಪೇರಾಗುವುದು ಇದರ ಲಕ್ಷಣ. ಎಲ್ಲ ಮಕ್ಕಳಲ್ಲಿಯೂ ಕಣ್ಣಿಗೆ ಕಾಣುವ ಸೆಳವು ಇರುವುದಿಲ್ಲ. ಆದುದರಿಂದ ನಿದ್ರೆಯ ಸಮಯದ ಇ.ಇ.ಜಿ. ಪರೀಕ್ಷೆಯಿಲ್ಲದೆ ಇದನ್ನು ಪತ್ತೆ ಹಚ್ಚಲಾಗದು. 18 ರಿಂದ 24 ತಿಂಗಳ ಸುಮಾರಿನಲ್ಲಿ ಆಟಿಸಂನಿಂದಲೂ ಬಂದ ಮಾತು ಹೋಗುವುದುಂಟು. ಎರಡನ್ನೂ ಬೇರ್ಪಡಿಸಿ ತಿಳಿಯುವುದು ತಜ್ಞ ವೈದ್ಯರ ಕೆಲಸ.

1 ವರ್ಷದೊಳಗಿನ ಶಿಶುವು ನಿದ್ರೆಯಿಂದ ಎದ್ದ ಕೂಡಲೇ ಒಂದರ ಹಿಂದೊಂದರಂತೆ ತಲೆಬಾಗಿಸಿ, ಕೈಗಳನ್ನು ಮುಂದಕ್ಕೆ ಚಾಚಿ ಬೆಚ್ಚುವುದು ಕಂಡುಬಂದಲ್ಲಿ ಅದು ಶೈಶವ ಸೆಳವು ಆಗಿರಬಹುದು. ಇದನ್ನು ಹೊಟ್ಟೆನೋವೆಂದು ತಪ್ಪು ತಿಳಿಯುವುದು ಸಾಮಾನ್ಯ. ಚಿಕಿತ್ಸೆ ತಡವಾದಷ್ಟೂ ಮಗುವಿನ ಮಾತು ಹಾಗೂ ಬುದ್ಧಿಯ ಬೆಳವಣಿಗೆಗೆ ಧಕ್ಕೆಯಾಗುವುದರಿಂದ ಅದೇ ದಿನ ಅಥವಾ ಮರುದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಜ್ವರದ ಸೆಳವು: 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 2 ರಿಂದ 5 ಮಕ್ಕಳಿಗೆ ಜ್ವರ ಬಂದಾಗ ಮಾತ್ರ ಸೆಳವು ಬರುವುದುಂಟು. ಇದು ಅಪಸ್ಮಾರವಲ್ಲ. ಆದರೂ ಮೊದಲ ಸಲ ಬಂದಾಗ ವೈದ್ಯರಿಗೆ ತೋರಿಸುವುದು ಅವಶ್ಯಕ.

ಬಿಸಿನೀರಿನ ಸೆಳವು: ತಲೆಯ ಮೇಲೆ ಬಿಸಿನೀರು ಸುರಿದಾಗ ಬರುವ ಈ ಬಗೆಯ ಸೆಳವು ದಕ್ಷಿಣ ಕರ್ನಾಟಕದ ಜಿಲ್ಲೆಗಳಿಂದ ಹೆಚ್ಚಾಗಿ ವರದಿಯಾಗಿದೆ. ಎಣ್ಣೆ ಸ್ನಾನದ ಸಮಯದಲ್ಲಿ ಮಗು ದಿಟ್ಟಿಸಿ ನೋಡುತ್ತಾ ನಿಶ್ಚಲವಾದರೆ ಈ ಅಂಶವನ್ನು ವೈದ್ಯರಿಗೆ ತಿಳಿಸತಕ್ಕದ್ದು. ಅಲ್ಲಿಯವರೆಗೆ ಉಗುರು ಬೆಚ್ಚಗಿನ ನೀರನ್ನು ಬಳಸಿ, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಸೂಕ್ತ.

6. ಸೆಳವು ಬಂದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆ

ಮಾಡಬೇಕಾದದ್ದು:
1) ಮಗುವನ್ನು ಸಮತಟ್ಟಾದ ಜಾಗದಲ್ಲಿ ಒಂದು ಮಗ್ಗುಲಿಗೆ ಮಲಗಿಸುವುದು. ಜೊಲ್ಲು ಹಾಗೂ ವಾಂತಿ ಹೊರಗೆ ಹರಿದುಹೋಗಬೇಕು.
2) ಕುತ್ತಿಗೆಯ ಸುತ್ತಲಿನ ಬಟ್ಟೆ, ದಾರ ಅಥವಾ ಸರವನ್ನು ಸಡಿಲಿಸುವುದು.
3) ಗಡಿಯಾರ ನೋಡಿ ಆರಂಭದ ಸಮಯವನ್ನು ಗಮನಿಸುವುದು.
4) ಸೆಳವು ನಿಂತು ಮಗು ಪೂರ್ಣ ಎಚ್ಚರಗೊಳ್ಳುವವರೆಗೆ ಜೊತೆಯಲ್ಲೇ ಇರುವುದು.
5) ವೈದ್ಯರು ಮೊದಲೇ ಮೂಗಿಗೆ ಸಿಂಪಡಿಸುವ ತುರ್ತು ಔಷಧಿ ಬರೆದುಕೊಟ್ಟಿದ್ದಲ್ಲಿ, ಅವರು ತಿಳಿಸಿದ ಪ್ರಮಾಣದಲ್ಲಿ ಹಾಗೂ ತಿಳಿಸಿದ ಸಮಯಕ್ಕೆ ಬಳಸುವುದು.

ಮಾಡಬಾರದ್ದು:
1) ಬಾಯಿಗೆ ಚಮಚ, ಬಟ್ಟೆ ಅಥವಾ ಬೆರಳು ಹಾಕಬಾರದು.
2) ನೀರು, ಹಾಲು, ಮಾತ್ರೆ ಕುಡಿಸಬಾರದು.
3) ಕೈಗೆ ಕಬ್ಬಿಣ ಅಥವಾ ಬೀಗದ ಕೈ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಿಷ್ಪ್ರಯೋಜಕ. ಸೆಳವು ಬಹುತೇಕ ಸಂದರ್ಭಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ ಇವುಗಳಿಂದ ನಿಂತಿತೆಂಬ ಭ್ರಮೆ ಉಂಟಾಗುತ್ತದೆ.
4) ಕೈಕಾಲುಗಳನ್ನು ಬಲವಾಗಿ ಅದುಮಿ ಹಿಡಿಯಬಾರದು.
5) ಶರೀರಕ್ಕೆ ಬರೆ ಹಾಕಿಸಬಾರದು. ಇದು ಮಗುವಿಗೆ ಮಾಡುವ ಹಿಂಸೆಯಾಗಿದ್ದು, ಗಾಯ ಹಾಗೂ ಸೋಂಕಿಗೆ ಕಾರಣವಾಗುತ್ತದೆ.

ತಕ್ಷಣ 108 ಸಂಖ್ಯೆಗೆ ಕರೆ ಮಾಡಬೇಕಾದ ಸಂದರ್ಭಗಳು: ಸೆಳವು 5 ನಿಮಿಷ ಮೀರಿದಾಗ, ಒಂದು ಸೆಳವಿನಿಂದ ಎಚ್ಚರಗೊಳ್ಳುವ ಮೊದಲೇ ಇನ್ನೊಂದು ಬಂದಾಗ, ಸೆಳವು ನಿಂತ ಮೇಲೂ ಉಸಿರಾಟ ಸರಿಯಿಲ್ಲದಿದ್ದಾಗ ಅಥವಾ ತುಟಿ ನೀಲಿಯಾಗಿಯೇ ಇದ್ದಾಗ, ತಲೆಗೆ ಪೆಟ್ಟಾಗಿದ್ದಾಗ, ಜ್ವರದ ಜೊತೆಗೆ ಕುತ್ತಿಗೆ ಬಿಗಿತ ಅಥವಾ ತೀವ್ರ ಮಂಪರು ಇದ್ದಾಗ, ಮಗುವಿಗೆ ಮೊದಲ ಬಾರಿ ಸೆಳವು ಬಂದಾಗ.

7. ರಾತ್ರಿ ದಾಖಲೆ ಹಾಗೂ ವಿಡಿಯೋ ಚಿತ್ರೀಕರಣ

ವೈದ್ಯರು ಮಗುವನ್ನು ಹಗಲಿನಲ್ಲಿ ಪರೀಕ್ಷಿಸುವಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಆದುದರಿಂದ ಪೋಷಕರು ಒಂದು ಸಾಮಾನ್ಯ ನೋಟ್ ಪುಸ್ತಕದಲ್ಲಿ ಈ ಕೆಳಕಂಡ ವಿವರಗಳನ್ನು ಕನಿಷ್ಠ ಎರಡು ವಾರಗಳ ಕಾಲ ಬರೆದಿಡುವುದು ಉಪಯುಕ್ತ. ತೀವ್ರ ಲಕ್ಷಣಗಳಿದ್ದಲ್ಲಿ ಎರಡು ವಾರ ಪೂರ್ಣವಾಗುವವರೆಗೆ ಕಾಯಬಾರದು.

ಅ) ದಿನಾಂಕ, ಮಲಗಿದ ಸಮಯ, ಘಟನೆ ನಡೆದ ಸಮಯ, ಎಷ್ಟು ನಿಮಿಷ ಇತ್ತು.
ಆ) ಮೊದಲು ಏನು ಕಂಡಿತು: ಅಳುವೋ, ಬಿಗಿತವೋ, ಅದುರುವಿಕೆಯೋ.
ಇ) ಯಾವ ಪಾರ್ಶ್ವ: ಎಡವೋ, ಬಲವೋ, ಎರಡೂ ಕಡೆಯೋ.
ಈ) ಕಣ್ಣು ತೆರೆದಿತ್ತೇ, ಕರೆದಾಗ ಪ್ರತಿಕ್ರಿಯಿಸಿತೇ.
ಉ) ಆ ದಿನ ಜ್ವರ, ವಾಂತಿ, ನಿದ್ರೆಗೆಡುವಿಕೆ ಇತ್ತೇ, ಔಷಧಿ ತಪ್ಪಿತ್ತೇ.
ಊ) ಮರುದಿನ ಮಗು ಆಡಿದ ಪದಗಳು, ಮಾಡಿದ ಸನ್ನೆಗಳು.

ಕೊನೆಯ ಅಂಶವು ಅತ್ಯಂತ ಮುಖ್ಯವಾಗಿದೆ. ತಿಂಗಳ ಹಿಂದೆ ಹತ್ತು ಪದಗಳನ್ನು ಆಡುತ್ತಿದ್ದ ಮಗು ಈಗ ನಾಲ್ಕು ಪದಗಳನ್ನು ಮಾತ್ರ ಆಡುತ್ತಿದೆ ಎಂಬುದು ಬರೆದಿಟ್ಟಿದ್ದರೆ ಮಾತ್ರ ಖಚಿತವಾಗಿ ತಿಳಿಯುತ್ತದೆ. ಓದುಬರಹ ಬಾರದ ಪೋಷಕರು ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ ಬರೆಸಿಡಬಹುದು.

ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸುವಾಗ ಮೊದಲು ಮಗುವನ್ನು ಮಗ್ಗುಲಿಗೆ ಮಲಗಿಸಿ, ದೀಪ ಹಾಕಿ, ಹೊದಿಕೆ ತೆಗೆದು, ಮುಖ ಹಾಗೂ ನಾಲ್ಕೂ ಕೈಕಾಲುಗಳು ಕಾಣುವಂತೆ ಚಿತ್ರೀಕರಿಸುವುದು. ಘಟನೆ ಮುಗಿದು ಮಗು ಸಾಮಾನ್ಯ ಸ್ಥಿತಿಗೆ ಬರುವವರೆಗೆ ಮುಂದುವರಿಸುವುದು. ಮಗುವಿನ ಹೆಸರು ಕರೆದು ಪ್ರತಿಕ್ರಿಯೆಯನ್ನು ದಾಖಲಿಸುವುದು. ಮನೆಯಲ್ಲಿ ಒಬ್ಬರೇ ಇದ್ದಲ್ಲಿ ಚಿತ್ರೀಕರಣಕ್ಕಿಂತ ಮಗುವಿನ ಆರೈಕೆಗೆ ಆದ್ಯತೆ ನೀಡತಕ್ಕದ್ದು. ವಿಡಿಯೋವನ್ನು ವೈದ್ಯರಿಗೆ ಹೊರತು ಇತರರಿಗೆ ಕಳುಹಿಸದಿರುವುದು ಒಳಿತು.

8. ನಡೆಸಲಾಗುವ ಪರೀಕ್ಷೆಗಳು

ಶ್ರವಣ ಪರೀಕ್ಷೆ: ಮಾತನಾಡದ ಮಗುವಿಗೂ, ನಿದ್ರಿಸುತ್ತಿರುವ ಮಗುವಿಗೂ ಒ.ಎ.ಇ. ಹಾಗೂ ಬೆರಾ ಎಂಬ ಪರೀಕ್ಷೆಗಳ ಮೂಲಕ ಶ್ರವಣ ಶಕ್ತಿಯನ್ನು ಅಳೆಯಬಹುದಾಗಿದೆ. ಮಗುವಿನ ಪ್ರತ್ಯುತ್ತರದ ಅವಶ್ಯಕತೆ ಇರುವುದಿಲ್ಲ.

ಇ.ಇ.ಜಿ. ಪರೀಕ್ಷೆ: ತಲೆಯ ಮೇಲೆ ಸಣ್ಣ ತಂತಿಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಲಾಗುತ್ತದೆ. ಈ ಪರೀಕ್ಷೆಯಲ್ಲಿ ಮಗುವಿನ ಶರೀರಕ್ಕೆ ವಿದ್ಯುತ್ ಹರಿಸುವುದಿಲ್ಲ, ನೋವಿರುವುದಿಲ್ಲ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕರೆತರತಕ್ಕದ್ದು. ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸುವಂತೆ ಸೂಚಿಸಿದ್ದಲ್ಲಿ ಅದನ್ನು ಪಾಲಿಸುವುದು ಹಾಗೂ ಆಸ್ಪತ್ರೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮಗು ನಿದ್ರಿಸದಂತೆ ನೋಡಿಕೊಳ್ಳುವುದು. ಮಗು ಹೊದೆಯುವ ಬಟ್ಟೆ, ಹಾಲು, ಆಟಿಕೆ ಜೊತೆಗಿದ್ದರೆ ಅನುಕೂಲ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದಲ್ಲಿ ವೈದ್ಯರು ಹೇಳದ ಹೊರತು ನಿಲ್ಲಿಸಬಾರದು.

ಒಂದು ಸಲದ ಇ.ಇ.ಜಿ. ಸರಿಯಾಗಿದೆ ಎಂದ ಮಾತ್ರಕ್ಕೆ ಸೆಳವು ಇಲ್ಲವೆಂದು ಅರ್ಥವಲ್ಲ. ಮಾತು ಕಡಿಮೆಯಾಗುತ್ತಿರುವ ಮಗುವಿಗೆ ನಿದ್ರೆಯ ಅವಧಿಯೂ ಒಳಗೊಂಡಿರುವ ಇ.ಇ.ಜಿ. ಬೇಕೇ ಎಂಬುದನ್ನು ಪೋಷಕರು ವೈದ್ಯರಲ್ಲಿ ಕೇಳಬಹುದು. ಎಂ.ಆರ್.ಐ. ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ, ಕ್ಯಾಲ್ಸಿಯಂ ಹಾಗೂ ಕಬ್ಬಿಣಾಂಶವನ್ನು ನೋಡಲಾಗುತ್ತದೆ.

9. ಸೇವೆ ಪಡೆಯುವ ವಿಧಾನ

ಹಂತ 1: ಅಂಗನವಾಡಿ ಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಶ್ರವಣದೋಷ, ಮಾತಿನ ವಿಳಂಬ, ಆಟಿಸಂ ಹಾಗೂ ಸೆಳವಿನ ಕಾಯಿಲೆಗಳು ಈ ತಪಾಸಣೆಯ ವ್ಯಾಪ್ತಿಯಲ್ಲಿವೆ. ತಂಡದ ಭೇಟಿಗಾಗಿ ಕಾಯದೆ ನೇರವಾಗಿಯೂ ವೈದ್ಯಾಧಿಕಾರಿಗಳನ್ನು ಕಾಣಬಹುದು.

ಹಂತ 2: ಜಿಲ್ಲಾ ಆಸ್ಪತ್ರೆ. ಡಿ.ಇ.ಐ.ಸಿ. ಎಂದು ಕರೆಯಲಾಗುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಕ್ಕಳ ತಜ್ಞರ ತಪಾಸಣೆ, ಶ್ರವಣ ಪರೀಕ್ಷೆ ಹಾಗೂ ವಾಕ್ ಚಿಕಿತ್ಸೆಗೆ ಅವಕಾಶವಿದೆ. ಇದಲ್ಲದೆ 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ಆರಂಭವಾದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಡಿಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ.

ಹಂತ 3: ಉನ್ನತ ಸಂಸ್ಥೆಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತು ಹಾಗೂ ಶ್ರವಣಕ್ಕೆ ಸಂಬಂಧಿಸಿದ ತಪಾಸಣೆ ಮತ್ತು ಚಿಕಿತ್ಸೆಯನ್ನು ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಲ್ಲಿ ಮಕ್ಕಳ ನರರೋಗಗಳಿಗೆ ಚಿಕಿತ್ಸೆ ದೊರೆಯುತ್ತದೆ.

ತರಬೇಕಾದ ದಾಖಲೆಗಳು:
1) ತಾಯಿ ಕಾರ್ಡ್ ಹಾಗೂ ಲಸಿಕೆ ವಿವರ.
2) ಹೆರಿಗೆಯಾದ ಆಸ್ಪತ್ರೆಯ ಬಿಡುಗಡೆ ಪತ್ರ, ನವಜಾತ ಶಿಶು ಘಟಕದಲ್ಲಿ ದಾಖಲಾಗಿದ್ದಲ್ಲಿ ಅದರ ವಿವರ.
3) ಮಗುವಿನ ಜನನ ಪ್ರಮಾಣಪತ್ರ, ಪೋಷಕರ ಆಧಾರ್ ಹಾಗೂ ಪಡಿತರ ಚೀಟಿ.
4) ಹಿಂದಿನ ಚಿಕಿತ್ಸಾ ಚೀಟಿಗಳು ಹಾಗೂ ನೀಡುತ್ತಿರುವ ಔಷಧಿಯ ಬಾಟಲಿ.
5) ರಾತ್ರಿ ದಾಖಲೆ ಪುಸ್ತಕ ಹಾಗೂ ಮೊಬೈಲ್ ವಿಡಿಯೋ.
6) ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜಿಲ್ಲಾ ಆಸ್ಪತ್ರೆಯ ಶಿಫಾರಸು ಪತ್ರ.

ದಾಖಲೆಗಳು ಅಪೂರ್ಣವಾಗಿವೆ ಎಂಬ ಕಾರಣಕ್ಕೆ ತುರ್ತು ಸಂದರ್ಭದಲ್ಲಿ ಆಸ್ಪತ್ರೆಗೆ ಬರುವುದನ್ನು ಮುಂದೂಡಬಾರದು. ರಾತ್ರಿ ಮಗುವಿನ ಜೊತೆ ಮಲಗುವ ವ್ಯಕ್ತಿಯೇ ಆಸ್ಪತ್ರೆಗೆ ಬರುವುದು ಅತ್ಯವಶ್ಯಕ. ಘಟನೆಯನ್ನು ಕಂಡವರು ಅಜ್ಜಿಯಾಗಿದ್ದಲ್ಲಿ ಅವರನ್ನೂ ಕರೆತರುವುದು.

10. ಆರ್ಥಿಕ ನೆರವು ಹಾಗೂ ಪ್ರಮಾಣಪತ್ರ

ಅ) ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆಗೆ ಅವಕಾಶವಿದೆ. ಸಾಮಾನ್ಯ ಹೊರರೋಗಿ ತಪಾಸಣೆಗಳು ಇದರಲ್ಲಿ ಒಳಪಡುವುದಿಲ್ಲ.

ಆ) ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ 21 ಬಗೆಯ ನ್ಯೂನತೆಗಳನ್ನು ಗುರುತಿಸಲಾಗಿದೆ. ಶ್ರವಣದೋಷ, ವಾಕ್ ಮತ್ತು ಭಾಷಾ ನ್ಯೂನತೆ, ಆಟಿಸಂ ಹಾಗೂ ಬೌದ್ಧಿಕ ನ್ಯೂನತೆ ಇದರಲ್ಲಿ ಸೇರಿವೆ. ಅಪಸ್ಮಾರವನ್ನು ಪ್ರತ್ಯೇಕವಾಗಿ ಹೆಸರಿಸಿರುವುದಿಲ್ಲ. ಮಾತು ತಡವಾಗಿದೆ ಎಂಬ ಒಂದೇ ಕಾರಣಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ವೈದ್ಯಕೀಯ ಮಂಡಳಿಯು ನ್ಯೂನತೆಯನ್ನು ದೃಢೀಕರಿಸಬೇಕಾಗುತ್ತದೆ. ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರಬೇಕಾಗುತ್ತದೆ. ಅರ್ಜಿಯನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು.

ಇ) 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿಯ ನಿರಾಮಯ ಆರೋಗ್ಯ ವಿಮಾ ಯೋಜನೆಯು ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ ಹಾಗೂ ಬಹುವಿಧ ನ್ಯೂನತೆ ಇರುವವರಿಗೆ ರೂ. 1 ಲಕ್ಷದವರೆಗೆ ರಕ್ಷಣೆ ನೀಡುತ್ತದೆ. ವಾಕ್ ಚಿಕಿತ್ಸೆಯಂತಹ ನಿರಂತರ ಚಿಕಿತ್ಸೆಗಳ ವೆಚ್ಚವೂ ನಿಗದಿತ ಮಿತಿಯಲ್ಲಿ ಸೇರಿರುತ್ತದೆ.

ಈ) ಅರ್ಜಿ ತುಂಬಲು ನೆರವು ಬೇಕಾದಲ್ಲಿ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದಾಗಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದು ಸಲ ಸೆಳವು ಬಂದರೆ ಅಪಸ್ಮಾರವೆಂದು ಅರ್ಥವೇ?
ಉತ್ತರ: ಇಲ್ಲ. ಜ್ವರ ಮುಂತಾದ ತಕ್ಷಣದ ಕಾರಣವಿಲ್ಲದೆ, 24 ಗಂಟೆಗಳಿಗಿಂತ ಹೆಚ್ಚಿನ ಅಂತರದಲ್ಲಿ ಎರಡು ಅಥವಾ ಹೆಚ್ಚು ಸೆಳವು ಬಂದಲ್ಲಿ ಅಥವಾ ಪುನಃ ಬರುವ ಸಂಭವ ಹೆಚ್ಚೆಂದು ಪರೀಕ್ಷೆಗಳಿಂದ ತಿಳಿದಲ್ಲಿ ಅಪಸ್ಮಾರವೆಂದು ಪರಿಗಣಿಸಲಾಗುತ್ತದೆ.

ಪ್ರಶ್ನೆ: ಇದು ದೃಷ್ಟಿ ಅಥವಾ ಗ್ರಹದ ಕಾಟವೇ?
ಉತ್ತರ: ಅಲ್ಲ. ಇದು ಮೆದುಳಿಗೆ ಸಂಬಂಧಿಸಿದ, ಚಿಕಿತ್ಸೆಯಿರುವ ಕಾಯಿಲೆ. ಸರಿಯಾದ ಚಿಕಿತ್ಸೆ ದೊರೆತಲ್ಲಿ ಅಪಸ್ಮಾರವುಳ್ಳವರಲ್ಲಿ ಶೇ. 70ರಷ್ಟು ಜನರು ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ದೇವರಲ್ಲಿ ಹರಕೆ ಹೊರುವುದು ಮನೆಯವರ ನಂಬಿಕೆಗೆ ಬಿಟ್ಟ ವಿಷಯ; ಅದಕ್ಕಾಗಿ ಚಿಕಿತ್ಸೆ ನಿಲ್ಲಬಾರದು.

ಪ್ರಶ್ನೆ: ಸೆಳವು ನಿಂತ ಮೇಲೆ ಔಷಧಿ ನಿಲ್ಲಿಸಬಹುದೇ?
ಉತ್ತರ: ಸ್ವಂತವಾಗಿ ನಿಲ್ಲಿಸಬಾರದು. ಏಕಾಏಕಿ ನಿಲ್ಲಿಸಿದಲ್ಲಿ ತೀವ್ರ ಸೆಳವು ಬರುವ ಅಪಾಯವಿದೆ. ಜಾತ್ರೆ, ಊರಿಗೆ ಪ್ರಯಾಣ ಮುಂತಾದ ಸಂದರ್ಭಗಳಲ್ಲಿ ಔಷಧಿ ಮುಗಿಯದಂತೆ ಮೊದಲೇ ಪಡೆದಿಟ್ಟುಕೊಳ್ಳತಕ್ಕದ್ದು.

ಪ್ರಶ್ನೆ: ಸೆಳವಿಗೆ ಔಷಧಿ ಆರಂಭಿಸಿದರೆ ಮಾತು ತಾನಾಗಿಯೇ ಬರುವುದೇ?
ಉತ್ತರ: ಎಲ್ಲ ಮಕ್ಕಳಲ್ಲಿಯೂ ಅಲ್ಲ. ಔಷಧಿಯ ಜೊತೆಗೆ ವಾಕ್ ಚಿಕಿತ್ಸೆಯನ್ನು ಮುಂದುವರಿಸಬೇಕು. ಮನೆಯಲ್ಲಿ ಮಗುವಿನ ಮುಖ ನೋಡಿ ಮಾತನಾಡಿಸುವುದು, ಚಿತ್ರ ಹಾಗೂ ಸನ್ನೆಗಳನ್ನು ಬಳಸುವುದು ಚಿಕಿತ್ಸೆಯ ಭಾಗವೇ ಆಗಿದೆ. ಸನ್ನೆ ಕಲಿಸಿದರೆ ಮಾತು ಬಾರದೆಂಬ ನಂಬಿಕೆ ಸರಿಯಲ್ಲ.

ಪ್ರಶ್ನೆ: ಹೆಣ್ಣು ಮಗುವಿನ ಸೆಳವಿನ ವಿಷಯ ಹೊರಗೆ ತಿಳಿದರೆ ಮುಂದೆ ಮದುವೆಗೆ ಅಡ್ಡಿಯಾಗುವುದಿಲ್ಲವೇ?
ಉತ್ತರ: ಬಾಲ್ಯದ ಅನೇಕ ಬಗೆಯ ಸೆಳವುಗಳು ಬೆಳೆದಂತೆ ನಿಂತುಹೋಗುತ್ತವೆ. ಹಿಂದೂ ವಿವಾಹ ಅಧಿನಿಯಮದಲ್ಲಿ ವಿವಾಹಕ್ಕೆ ಅಡ್ಡಿಯೆಂದು ಹೇಳಲಾಗಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿಯಿಂದ ಕೈಬಿಡಲಾಗಿದೆ. ಚಿಕಿತ್ಸೆಯನ್ನು ಮುಚ್ಚಿಡುವುದರಿಂದ ಮಗುವಿಗೆ ಆಗುವ ಹಾನಿಯೇ ಹೆಚ್ಚು.

ಪ್ರಶ್ನೆ: ರಾತ್ರಿ ಮಗುವಿನ ಸುರಕ್ಷತೆಗೆ ಏನು ಮಾಡಬೇಕು?
ಉತ್ತರ: ಎತ್ತರದ ಮಂಚದ ಬದಲು ನೆಲದ ಮೇಲಿನ ಹಾಸಿಗೆ, ಮೆತ್ತನೆಯ ದೊಡ್ಡ ದಿಂಬಿಲ್ಲದಿರುವುದು, ಕುತ್ತಿಗೆಯಲ್ಲಿ ದಾರ ಇಲ್ಲದಿರುವುದು, ಒಲೆ ಹಾಗೂ ನೀರು ತುಂಬಿದ ಪಾತ್ರೆಗಳಿಂದ ದೂರ ಮಲಗಿಸುವುದು. ಸ್ನಾನದ ಸಮಯದಲ್ಲಿ ಮಗುವನ್ನು ಬಕೆಟ್ಟಿನ ಬಳಿ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಪ್ರತಿದಿನ ನಿಗದಿತ ಸಮಯಕ್ಕೆ ಮಲಗಿಸುವುದರಿಂದ ನಿದ್ರಾಭೀತಿ ಹಾಗೂ ಸೆಳವು ಎರಡೂ ಕಡಿಮೆಯಾಗಲು ಸಹಾಯವಾಗುತ್ತದೆ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಲ್ಲ. ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಮಗುವಿನ ಬಗ್ಗೆ ಪೋಷಕರಿಗೆ ಸಂದೇಹ ಉಂಟಾದಲ್ಲಿ, ಅದು ಚಿಕ್ಕ ವಿಷಯವೆಂದು ಸಂಕೋಚಪಡದೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಭೇಟಿ ಮಾಡಲು ಕೋರಲಾಗಿದೆ.